ಹವಳ ನೀಲಿ, ಜೆಲ್ಲಿಫಿಶ್ ಬಿಳಿ ಮುದ್ದೆ: ತಪ್ಪು ಕ್ಯಾಮೆರಾದ್ದೇ?

ಪ್ರಶ್ನೆ: ಸ್ಕೂಬಾ ಡೈವಿಂಗ್ ಕಲಿತ ಮೇಲೆ 8ರಿಂದ 15 ಮೀಟರ್ ಆಳದಲ್ಲಿ ವಿಡಿಯೊ ಮಾಡುತ್ತಿದ್ದೇನೆ. ನನ್ನದು ಆಕ್ಷನ್ ಕ್ಯಾಮೆರಾ. ಗೆಳೆಯನ ಕಾಂಪ್ಯಾಕ್ಟ್ ಕ್ಯಾಮೆರಾವನ್ನೂ ನೀರು ಹೋಗದ ಪೆಟ್ಟಿಗೆಯಲ್ಲಿ, ಅಂದರೆ ಹೌಸಿಂಗ್‌ನಲ್ಲಿ ಹಾಕಿ ನೋಡಿದೆ. ಎರಡರಲ್ಲೂ ಹವಳ ನೀಲಿ-ಹಸಿರಾಗಿಯೇ ಬರುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಒಮ್ಮೆ ಚೆನ್ನಾಗಿರುತ್ತದೆ, ಇನ್ನೊಮ್ಮೆ ಎಲ್ಲವೂ ಕೆಂಪು. ಟಾರ್ಚ್ ಹೊತ್ತಿಸಿದರೆ ಚಿತ್ರದ ತುಂಬ ಬಿಳಿ ಚುಕ್ಕೆ. ಜೆಲ್ಲಿಫಿಶ್ ಬರೀ ಬಿಳಿ ಮುದ್ದೆ, ಫೋಕಸ್ ನಿಲ್ಲುವುದೇ ಇಲ್ಲ. ಅನಿಮೋನ್ (ಕ್ಲೌನ್ ಮೀನು ಅಡಗುವ, ಹೂವಿನಂಥ ಸಮುದ್ರಪ್ರಾಣಿ) ಮುಟ್ಟಿದರೆ ಕ್ಲೌನ್ ಮೀನು ಹೊರಗೆ ಬರುತ್ತದೆ ಎಂದು ಜೊತೆಗಿದ್ದವರು ಹೇಳಿದರು, ಮುಟ್ಟಿದೆ, ಅನಿಮೋನೇ ಮುದುಡಿಕೊಂಡಿತು. ಒಂದು ಕ್ಲಿಪ್‌ನಲ್ಲಿ ಹವಳ ಪೂರ್ತಿ ಬೆಳ್ಳಗಿದೆ, ಅದು ಸತ್ತಿದೆಯೇ? ವಿಡಿಯೊ ಲೈಟಿನಿಂದ ಹವಳ ಸಾಯುತ್ತದೆ, ರಾತ್ರಿ ಹೊಳೆಯುವ ಹವಳಕ್ಕೆ ವಿಶೇಷ ಕ್ಯಾಮೆರಾ ಬೇಕು, ದಡಕ್ಕೆ ಬಿದ್ದ ಸತ್ತ ಜೆಲ್ಲಿಫಿಶ್ ಕುಟುಕುವುದಿಲ್ಲ ಎಂದೆಲ್ಲ ಕೇಳಿದ್ದೇನೆ. ಇದರಲ್ಲಿ ಎಷ್ಟು ನಿಜ? ಕೊನೆಗೆ, ದುಬಾರಿ ಕ್ಯಾಮೆರಾ ಕೊಳ್ಳಲೇಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಚಿಂತೆ ಒಂದೇ: ಎರಡು ಕ್ಯಾಮೆರಾಗಳಲ್ಲೂ ಕೈಕೊಟ್ಟದ್ದು ಮೂರನೆಯದರಲ್ಲಿ ಸರಿಹೋದೀತೇ ಎಂಬುದು. ಎರಡು ಬೇರೆ ಬೇರೆ ಕ್ಯಾಮೆರಾಗಳಲ್ಲಿ ಒಂದೇ ದೋಷ ಬಂದಿದೆ ಎಂದ ಮೇಲೆ ದೋಷ ಕ್ಯಾಮೆರಾದ್ದಲ್ಲ. ಲೆನ್ಸಿಗೂ ಪ್ರಾಣಿಗೂ ನಡುವೆ ಇರುವ ನೀರು, ಆ ನೀರಿನೊಳಗೆ ನೀವು ಬೆಳಕು ಇಟ್ಟ ಜಾಗ, ಇವೆರಡರಲ್ಲೇ ಬಹುಪಾಲು ಉತ್ತರವಿದೆ.

ಮೊದಲು ಬಣ್ಣದ ವಿಷಯ. ನೀರು ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಮೊದಲು ಹೋಗುವುದು ಕೆಂಪು. ತಿಳಿನೀರಿನಲ್ಲೂ 5-6 ಮೀಟರ್ ಆಗುವಷ್ಟರಲ್ಲಿ ಅದರ ಬಹುಭಾಗ ಮುಗಿದಿರುತ್ತದೆ. ಆಮೇಲೆ ಕಿತ್ತಳೆ, ಅದರ ಹಿಂದೆ ಹಳದಿ. ಹಲವರು ಮರೆಯುವ ಸಂಗತಿ ಎಂದರೆ, ಲೆಕ್ಕಕ್ಕೆ ಬರುವುದು ಆಳ ಮಾತ್ರವಲ್ಲ, ಬೆಳಕು ನೀರಿನಲ್ಲಿ ಸಾಗುವ ಒಟ್ಟು ದೂರ. 10 ಮೀಟರ್ ಆಳದ ಹವಳವನ್ನು 3 ಮೀಟರ್ ದೂರದಿಂದ ಹಿಡಿದರೆ ಬೆಳಕು 13 ಮೀಟರ್ ನೀರು ದಾಟಿ ಬಂದಿರುತ್ತದೆ. ಬರೀ ಬಣ್ಣವಲ್ಲ, ಅಂಚುಗಳ ಸ್ಪಷ್ಟತೆಯೂ ಆ ಮೂರು ಮೀಟರಿನಲ್ಲಿ ಕರಗುತ್ತದೆ. ಆದ್ದರಿಂದ ಜೂಮ್ ಮಾಡಬೇಡಿ, ವೈಡ್ ಇಟ್ಟುಕೊಂಡು ಹತ್ತಿರ ಹೋಗಿ. ದೊಡ್ಡ ಹವಳದ ಬಂಡೆಯಾದರೂ 1 ಮೀಟರ್ ಒಳಗೆ, ಸಣ್ಣದಾದರೆ 30-50 ಸೆಂಟಿಮೀಟರ್. ಇಲ್ಲಿ ಒಂದು ಎಚ್ಚರಿಕೆ: ಬಹಳಷ್ಟು ಆಕ್ಷನ್ ಕ್ಯಾಮೆರಾಗಳ ಫೋಕಸ್ ಸ್ಥಿರ. ಸುಮಾರು 30 ಸೆಂಟಿಮೀಟರಿಗಿಂತ ಹತ್ತಿರದ್ದು ಅದರಲ್ಲಿ ಮಸುಕೇ. ಹವಳದ ಪಾಲಿಪ್ (ಹವಳವನ್ನು ಕಟ್ಟುವ ಪುಟ್ಟ ಪ್ರಾಣಿ) ತೋರಿಸಬೇಕಾದರೆ ಹೌಸಿಂಗ್ ಮುಂದೆ ನೀರಿನೊಳಗೇ ಹಾಕಿ ತೆಗೆಯಬಹುದಾದ ಕ್ಲೋಸ್-ಅಪ್ ಲೆನ್ಸ್ ಬೇಕು.

ಕೆಂಪು ಫಿಲ್ಟರ್ ಕಳೆದುಹೋದ ಕೆಂಪನ್ನು ತಂದುಕೊಡುವುದಿಲ್ಲ. ನೀಲಿಯನ್ನೂ ಹಸಿರನ್ನೂ ತಡೆದು, ಉಳಿದಿರುವ ಚೂರು ಕೆಂಪಿನ ಮಟ್ಟಕ್ಕೆ ಇಳಿಸುತ್ತದೆ, ಅಷ್ಟೆ. ಹೀಗಾಗಿ ಒಟ್ಟು ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ಅದು ಕೆಲಸ ಮಾಡುವುದು ನೀಲಿ ನೀರಿನಲ್ಲಿ, ಬಿಸಿಲು ಚೆನ್ನಾಗಿರುವಾಗ, ಹೆಚ್ಚುಕಡಿಮೆ 5ರಿಂದ 15 ಮೀಟರ್ ಆಳದಲ್ಲಿ. 3 ಮೀಟರಿನಲ್ಲಿ ಹಾಕಿದರೆ ಎಲ್ಲವೂ ಕೆಂಪಾಗುತ್ತದೆ, 20 ಮೀಟರಿನಲ್ಲಿ ಹಾಕಿದರೆ ಕತ್ತಲು ಮತ್ತು ಕಾಳುಕಾಳಾದ ಚಿತ್ರ ಸಿಗುತ್ತದೆ. ಹಸಿರು ನೀರಿಗೆ ಕೆಂಪಲ್ಲ, ಮಜೆಂಟಾ ಫಿಲ್ಟರ್ ಬೇಕು. ಫಿಲ್ಟರ್ ಹಾಕಿಕೊಂಡೇ ಟಾರ್ಚ್ ಹೊತ್ತಿಸಿದರಂತೂ ಕೆಡುವುದು ಖಚಿತ, ಏಕೆಂದರೆ ಟಾರ್ಚ್ ಬೆಳಕಿನಲ್ಲಿ ಕೆಂಪು ಮೊದಲೇ ಇದೆ. ನಿಮಗೆ "ಇನ್ನೊಮ್ಮೆ ಎಲ್ಲವೂ ಕೆಂಪು" ಆಗಿದ್ದು ಒಂದೋ ಮೇಲಿನ ನೀರಿನಲ್ಲಿ, ಇಲ್ಲವೇ ಟಾರ್ಚ್ ಜೊತೆ ಬಳಸಿದಾಗ ಇರಬೇಕು.

ಫಿಲ್ಟರಿಗಿಂತ ಮೊದಲು ಕಲಿಯಬೇಕಾದದ್ದು ಮ್ಯಾನ್ಯುಯಲ್ ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಎಂದು ಕ್ಯಾಮೆರಾಕ್ಕೆ ನೀವೇ ತೋರಿಸಿಕೊಡುವುದು. ಬಿಳಿ ಅಥವಾ ಬೂದು ಬಣ್ಣದ ಪ್ಲಾಸ್ಟಿಕ್ ಸ್ಲೇಟ್ ಒಂದನ್ನು ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ, ಲೈಟ್ ಆರಿಸಿರಲಿ. ಚಿತ್ರೀಕರಿಸುವ ಹವಳ ಎಷ್ಟು ದೂರದಲ್ಲಿದೆಯೋ ಅಷ್ಟೇ ದೂರದಲ್ಲಿ ಸ್ಲೇಟ್ ಹಿಡಿದು, ಚಿತ್ರದ ತುಂಬ ಅದೇ ಬರುವಂತೆ ಮಾಡಿ ಸೆಟ್ ಮಾಡಿ. 3-4 ಮೀಟರ್ ಮೇಲೆ-ಕೆಳಗೆ ಹೋದಾಗಲೆಲ್ಲ ಮತ್ತೆ ಮಾಡಬೇಕು. ಆಟೊ ವೈಟ್ ಬ್ಯಾಲೆನ್ಸ್ ಮಾತ್ರ ಬೇಡ, ಒಂದೇ ಶಾಟ್ ನಡುವೆ ಬಣ್ಣ ಬದಲಾಗಿಬಿಟ್ಟರೆ ಎಡಿಟಿಂಗ್‌ನಲ್ಲೂ ಸರಿಪಡಿಸುವುದು ಕಷ್ಟ. ನಿಮ್ಮ ಆಕ್ಷನ್ ಕ್ಯಾಮೆರಾದಲ್ಲಿ ಈ ಸೌಲಭ್ಯ ಇಲ್ಲದಿದ್ದರೆ 5500 ಕೆಲ್ವಿನ್‌ಗೆ ಸ್ಥಿರಗೊಳಿಸಿ, ಬಿಟ್‌ರೇಟ್ ಗರಿಷ್ಠಕ್ಕೆ ಇಡಿ. ಎಡಿಟ್ ಮಾಡುವಾಗ ಸ್ಯಾಚುರೇಷನ್ ಎತ್ತಬೇಡಿ, ರೆಡ್ ಚಾನೆಲ್ ಒಂದನ್ನೇ ಸ್ವಲ್ಪ ಸ್ವಲ್ಪವಾಗಿ ಎತ್ತಿ. ಆದರೆ ಮೂಲದಲ್ಲಿ ಕೆಂಪು ಇಲ್ಲದಿದ್ದಾಗ ಎತ್ತಿದ್ದೆಲ್ಲ ಕಾಳುಕಾಳಾದ ನಾಯ್ಸ್ ಆಗಿಯೇ ಕಾಣಿಸುತ್ತದೆ.

ಇನ್ನು ಬಿಳಿ ಚುಕ್ಕೆಗಳು. ನೀರಿನಲ್ಲಿ ಪ್ಲ್ಯಾಂಕ್ಟನ್, ಮರಳಿನ ಧೂಳು, ಜೀವಿಗಳ ಕಸ ಸದಾ ತೇಲುತ್ತಿರುತ್ತವೆ. ಲೆನ್ಸಿನ ಪಕ್ಕದಲ್ಲೇ ಟಾರ್ಚ್ ಹಿಡಿದು ನೇರ ಬೆಳಕು ಬಿಟ್ಟರೆ ಆ ಕಣಗಳು ಬೆಳಕನ್ನು ನೇರವಾಗಿ ಲೆನ್ಸಿಗೇ ವಾಪಸ್ ಕಳಿಸುತ್ತವೆ. ದಟ್ಟ ಮಂಜಿನಲ್ಲಿ ಹೈಬೀಮ್ ಹಾಕಿದ ಗಾಡಿಗೆ ಮುಂದಿನ ರಸ್ತೆ ಕಾಣದ ಹಾಗೆ. ಉಪಾಯ ಇಷ್ಟು: ಬೆಳಕು ಪ್ರಾಣಿಯ ಮೇಲೆ ಬೀಳಲಿ, ಲೆನ್ಸಿಗೂ ಪ್ರಾಣಿಗೂ ನಡುವಿನ ನೀರಿನ ಮೇಲೆ ಬೀಳದಿರಲಿ. ಎರಡು ಲೈಟುಗಳನ್ನು ಮಡಚುವ ತೋಳುಗಳ ಮೇಲೆ ಕೂರಿಸಿ, ಹೌಸಿಂಗಿನ ಎಡಬಲಕ್ಕೆ ತಲಾ 30-40 ಸೆಂಟಿಮೀಟರ್ ಚಾಚಿ. ಲೈಟಿನ ಮುಖ, ಲೆನ್ಸಿನ ಮುಂದಿನ ಗಾಜಾದ ಪೋರ್ಟ್‌ಗಿಂತ ಒಂದಿಷ್ಟು ಹಿಂದಿರಲಿ. ನಂತರ ಎರಡನ್ನೂ ಪ್ರಾಣಿಯ ಕಡೆಗಲ್ಲ, ತುಸು ಹೊರಕ್ಕೆ ತಿರುಗಿಸಿ. ಕಿರಣದ ನಡುಭಾಗ ಪಕ್ಕಕ್ಕೆ ಹೋಗುತ್ತದೆ, ಅಂಚಿನ ಮೃದು ಬೆಳಕು ಮಾತ್ರ ಹವಳವನ್ನು ತಟ್ಟುತ್ತದೆ. ಡೈವರ್‌ಗಳು ಗವಿಯೊಳಗೆ ಇಣುಕಲು ಬಳಸುವ ಕಿರಿದಾದ ಕಿರಣದ ಟಾರ್ಚ್ ಇದಕ್ಕೆ ಆಗದು, ನಡುವೆ ಬಿಳಿ ವೃತ್ತ ಬಿದ್ದು ಸುತ್ತ ಕತ್ತಲಾಗುತ್ತದೆ. 100-120 ಡಿಗ್ರಿ ಹರಡುವ ವಿಡಿಯೊ ಲೈಟ್ ಬೇಕು. ಎಷ್ಟೇ ಪ್ರಬಲವಾದದ್ದಾದರೂ 1 ಮೀಟರ್ ಆಚೆ ಅದು ಬಣ್ಣ ತರುತ್ತದೆಂದು ನಂಬಬೇಡಿ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅದರ ಕೆಂಪನ್ನೂ ನೀರು ಹೀರಿರುತ್ತದೆ. ಇಷ್ಟೆಲ್ಲ ಮಾಡಿಯೂ ಚುಕ್ಕೆ ಹೋಗದಿದ್ದರೆ ನಿಮ್ಮ ಕಾಲಿನ ಫಿನ್‌ಗಳನ್ನು (ಈಜುರೆಕ್ಕೆ) ಗಮನಿಸಿ. ತಳದ ಮರಳಿಗೆ ಸಮೀಪ ಮೇಲೆ-ಕೆಳಗೆ ಒದೆಯುವವರು ತಮ್ಮ ಶಾಟನ್ನು ತಾವೇ ಕದಡಿಕೊಳ್ಳುತ್ತಾರೆ. ಮಂಡಿ ಮಡಿಚಿ ಕಪ್ಪೆಯಂತೆ ಪಕ್ಕಕ್ಕೆ ಒದೆಯುವುದನ್ನು ರೂಢಿಸಿಕೊಳ್ಳಿ.

ಹವಳ, ಅನಿಮೋನ್, ಜೆಲ್ಲಿಫಿಶ್ ಈ ಮೂರರಲ್ಲಿ ಅತಿ ಕಷ್ಟದ್ದು ಜೆಲ್ಲಿಫಿಶ್. ಅದರ ದೇಹದ ಶೇ 95ರಷ್ಟು ನೀರೇ. ಬೆಳಕು ಅದರೊಳಗೆ ಬಾಗುವ ಪ್ರಮಾಣವೂ ಸುತ್ತಲಿನ ನೀರಿನಲ್ಲಿ ಬಾಗುವಷ್ಟೇ. ಎದುರಿನಿಂದ ಬೆಳಕು ಬಿಟ್ಟರೆ ಬಹುಪಾಲು ಅದರ ಮೂಲಕ ಹಾದುಹೋಗುತ್ತದೆ, ಉಳಿದದ್ದು ಗಂಟೆಯಾಕಾರದ ಮೈಯನ್ನೆಲ್ಲ ಒಂದೇ ಸಮ ಬೆಳ್ಳಗೆ ಮಾಡುತ್ತದೆ. ನಿಮ್ಮ ಬಿಳಿ ಮುದ್ದೆಗೆ ಇದೇ ಕಾರಣ. ಕ್ಯಾಮೆರಾ ಸುತ್ತಲಿನ ಕಡುನೀಲಿಯನ್ನು ನೋಡಿ ಎಕ್ಸ್‌ಪೋಶರ್ (ಒಳಬಿಡುವ ಬೆಳಕಿನ ಪ್ರಮಾಣ) ಏರಿಸುವುದರಿಂದ ಅದು ಇನ್ನಷ್ಟು ಹೆಚ್ಚುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಷನ್ ಅನ್ನು ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿ. ಒಂದು ಲೈಟ್ ಆಫ್ ಮಾಡಿ, ಇನ್ನೊಂದನ್ನು ತೋಳಿನಷ್ಟು ದೂರ ಚಾಚಿ ಜೆಲ್ಲಿಫಿಶ್‌ನ ಪಕ್ಕದಿಂದ, ಸಾಧ್ಯವಾದರೆ ತುಸು ಹಿಂದಿನಿಂದ ಬೀಳಿಸಿ. ಆಗ ಬೆಳಕು ಲೆನ್ಸಿಗೆ ನೇರ ಬರುವುದಿಲ್ಲ, ಅಂಗಾಂಶದ ಅಂಚುಗಳಿಗೆ ತಗುಲಿ ಚದುರಿದ್ದು ಮಾತ್ರ ಬರುತ್ತದೆ.

ಮೂನ್ ಜೆಲ್ಲಿಯನ್ನೇ ತೆಗೆದುಕೊಳ್ಳಿ. ಮುಂಬೆಳಕಿನಲ್ಲಿ ಅದೊಂದು ಬಿಳಿ ತಟ್ಟೆ. ಬೆಳಕನ್ನು ಪಕ್ಕಕ್ಕೆ ಸರಿಸಿದ ಕೂಡಲೇ ನಡುವಿನ ನಾಲ್ಕು ಲಾಳಾಕಾರದ ಜನನಾಂಗಗಳು, ಅಲ್ಲಿಂದ ಅಂಚಿನವರೆಗೆ ಕವಲೊಡೆಯುವ ಸಣ್ಣ ನಾಳಗಳು, ಅಂಚಿನ ಎಂಟು ಕಚ್ಚುಗಳಲ್ಲಿ ಕೂತ ಸಂವೇದನಾಂಗಗಳು, ಕೂದಲಿಗಿಂತ ತೆಳುವಾಗಿ ಇಳಿಬಿದ್ದ ಗ್ರಹಣಾಂಗಗಳ ಝಾಲರಿ, ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಅಂಚು ಸರ್ರನೆ ಒಳಕ್ಕೆ ಮಡಚಿ, ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಾಗ ಸ್ನಾಯುವಿನ ಶ್ರಮವಿಲ್ಲದೆ, ಗಂಟೆಯ ಕೆಳಗೆ ಸುತ್ತುವ ನೀರಿನ ಸುಳಿಯಿಂದಲೇ ಅದಕ್ಕೆ ಇನ್ನೊಂದು ಸಣ್ಣ ತಳ್ಳು ಸಿಗುತ್ತದೆ. ಆದ್ದರಿಂದ ಮಡಚಿದ ತಕ್ಷಣ ಶಾಟ್ ಕತ್ತರಿಸಬೇಡಿ. ಕನಿಷ್ಠ ನಾಲ್ಕೈದು ಪೂರ್ತಿ ಬಡಿತ ಬರುವವರೆಗೆ ಕ್ಯಾಮೆರಾ ಅಲುಗಾಡಿಸದೆ ಹಿಡಿಯಿರಿ. ಸೆಕೆಂಡಿಗೆ 25 ಫ್ರೇಮ್‌ಗೆ ಶಟರ್ 1/50 ಸಾಕು, ಚುರುಕಾದ ಸಣ್ಣ ಜಾತಿಗಳಿಗೆ 50 ಫ್ರೇಮ್, ಶಟರ್ 1/100.

ಫೋಕಸ್ ನಿಲ್ಲದಿರಲು ಕಾರಣ, ಆಟೊಫೋಕಸ್ ಹಿಡಿದುಕೊಳ್ಳಲು ಸ್ಪಷ್ಟ ಗೆರೆಯೇ ಅಲ್ಲಿಲ್ಲ. ಎದುರಿಗೆ 50 ಸೆಂಟಿಮೀಟರ್ ದೂರದಲ್ಲಿ ನಿಮ್ಮ ಕೈಗವಸನ್ನು ಹಿಡಿದು ಅದಕ್ಕೆ ಫೋಕಸ್ ಮಾಡಿ, ಲಾಕ್ ಮಾಡಿ. ಆಮೇಲೆ ಫೋಕಸ್ ಬಟನ್ ಮುಟ್ಟಬೇಡಿ, ಜೆಲ್ಲಿಫಿಶ್ ಅಷ್ಟೇ ದೂರಕ್ಕೆ ಬರುವಂತೆ ನೀವೇ ಹಿಂದೆ-ಮುಂದೆ ಸರಿಯಿರಿ. ಹಿನ್ನೆಲೆ ಕಪ್ಪಾಗಬೇಕೆಂದರೆ ಹಿಂದೆ ಬಂಡೆಯಾಗಲಿ ಮರಳಾಗಲಿ ಇಲ್ಲದ ತೆರೆದ ನೀರನ್ನು ಆರಿಸಿ, ಶಟರ್ ವೇಗ ಏರಿಸಿ. ರಾತ್ರಿಯಾದರೆ ಈ ಕಷ್ಟವೇ ಇಲ್ಲ. ಲೈಟ್ ಇಲ್ಲದಿದ್ದರೆ ತುಸು ಕೆಳಗಿನಿಂದ, ಸೂರ್ಯ ಗಂಟೆಯ ಹಿಂದೆ ಬರುವಂತೆ ಹಿಡಿಯಿರಿ. ಆದರೆ ನೇರ ಅಡಿಗೆ ಹೋಗಬೇಡಿ. ನೀವು ಬಿಟ್ಟ ಉಸಿರಿನ ಗುಳ್ಳೆಗಳು ಗಂಟೆಯೊಳಗೆ ಸಿಕ್ಕಿಕೊಂಡರೆ ಅದಕ್ಕೆ ಹೊರಹಾಕಲು ಬರುವುದಿಲ್ಲ. ಗಾಳಿ ಅಂಗಾಂಶವನ್ನು ಹರಿದು ಮೇಲೇಳುತ್ತದೆ, ಪ್ರಾಣಿ ಸಾಯಲೂಬಹುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ. ಗ್ರಹಣಾಂಗಗಳು ಹರಿವಿನ ಕಡೆಗೆ ಚಾಚಿರುತ್ತವೆ, ಆ ದಿಕ್ಕಿನಲ್ಲಿ ನಿಲ್ಲದಿರುವುದು ನಿಮಗೂ ಕ್ಷೇಮ. ಲಯನ್ಸ್ ಮೇನ್ ಜಾತಿಯಲ್ಲಿ ಅವು 30 ಮೀಟರ್ ಮೀರಿದ್ದು ದಾಖಲಾಗಿದೆ.

ಬೆಳ್ಳಗಿನ ಹವಳದ ಬಗ್ಗೆ. ಕ್ಲಿಪ್ ನೋಡಿ "ಸತ್ತಿದೆ" ಎನ್ನುವ ಮುನ್ನ ನಾಲ್ಕು ಸಾಧ್ಯತೆಗಳನ್ನು ಬೇರ್ಪಡಿಸಬೇಕು. ಒಂದು, ಬರೀ ಓವರ್‌ಎಕ್ಸ್‌ಪೋಶರ್. ಅದೇ ಫ್ರೇಮಿನ ಮರಳು, ಮೀನಿನ ಹೊಟ್ಟೆ ಕೂಡ ವಿವರವಿಲ್ಲದೆ ಬೆಳ್ಳಗಾಗಿದ್ದರೆ ಹವಳದ ಬಿಳುಪನ್ನು ನಂಬಬೇಡಿ. ಎರಡು, ಬೆಳವಣಿಗೆಯ ತುದಿ. ಕವಲುಕವಲಾಗಿ ಬೆಳೆಯುವ ಅಕ್ರೊಪೊರಾ ಹವಳದ ಕೊಂಬೆ ತುದಿಗಳು ಆರೋಗ್ಯವಾಗಿದ್ದಾಗಲೂ ಬಿಳಿ, ಏಕೆಂದರೆ ಹೊಸದಾಗಿ ಬೆಳೆಯುತ್ತಿರುವ ಭಾಗದಲ್ಲಿ ಹವಳಕ್ಕೆ ಬಣ್ಣ ಕೊಡುವ ಸೂಕ್ಷ್ಮ ಪಾಚಿ ಇನ್ನೂ ಸೇರಿಕೊಂಡಿರುವುದಿಲ್ಲ. ಮೂರು, ನಿಜವಾದ ಬ್ಲೀಚಿಂಗ್. ನೀರು ಬಿಸಿಯಾದಾಗ ಹವಳ ತನ್ನ ಅಂಗಾಂಶದೊಳಗಿನ ಸೂಕ್ಷ್ಮ ಪಾಚಿಗಳನ್ನು ಕಳೆದುಕೊಳ್ಳುತ್ತದೆ, ಬಣ್ಣವೂ ಬಹುಪಾಲು ಆಹಾರವೂ ಅವುಗಳಿಂದಲೇ ಬರುತ್ತಿತ್ತು. ಪಾರದರ್ಶಕ ಅಂಗಾಂಶದ ಮೂಲಕ ಸುಣ್ಣದ ಎಲುಬು ಕಾಣಿಸುತ್ತದೆ. ಆದರೆ ಹವಳ ಇನ್ನೂ ಬದುಕಿದೆ, ಕೆಲವು ವಾರಗಳಲ್ಲಿ ನೀರು ತಣ್ಣಗಾದರೆ ಚೇತರಿಸಿಕೊಳ್ಳಲೂಬಹುದು. ನಾಲ್ಕು, ಸಾವು. ನಕ್ಷತ್ರಮೀನು ಅಥವಾ ಬಸವನಹುಳು ತಿಂದ ಜಾಗದಲ್ಲಿ ಅಂಗಾಂಶವೇ ಇರುವುದಿಲ್ಲ, ಬೋಳು ಎಲುಬು ಮಾತ್ರ. ಕೆಲವೇ ದಿನಗಳಲ್ಲಿ ಅದರ ಮೇಲೆ ಹಸಿರು-ಕಂದು ಪಾಚಿ ಹಬ್ಬುತ್ತದೆ.

ಮೂರನ್ನೂ ನಾಲ್ಕನ್ನೂ ಬೇರ್ಪಡಿಸಲು ಹತ್ತಿರದ ಶಾಟ್ ಬೇಕು: ಗುಂಡಿಗಳೊಳಗೆ ಗಾಜಿನಂಥ ಪಾಲಿಪ್ ಕಾಣುತ್ತದೆಯೇ, ಇಲ್ಲ ಗುಂಡಿ ಖಾಲಿಯೇ ಎಂದು ನೋಡಬೇಕು. ನಿಮ್ಮ ವಿಡಿಯೊ ದಾಖಲೆಯಾಗಿಯೂ ಉಪಯೋಗಕ್ಕೆ ಬರಲಿ ಎಂಬ ಆಸೆಯಿದ್ದರೆ ಬಣ್ಣದ ಪಟ್ಟಿಯೊಂದು ಫ್ರೇಮಿನಲ್ಲಿರಲಿ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಕೋರಲ್‌ವಾಚ್ ಎಂಬ ಹವಳ ನಿಗಾ ಯೋಜನೆ ಇದಕ್ಕೆಂದೇ ಒಂದು ಪಟ್ಟಿ ಮಾಡಿದೆ. ನಾಲ್ಕು ಬಣ್ಣಗಳು, ಪ್ರತಿಯೊಂದರಲ್ಲೂ 1ರಿಂದ 6ರವರೆಗೆ ಗಾಢತೆಯ ಮಟ್ಟಗಳು. ಹವಳದ ಪಕ್ಕ ಹಿಡಿದು ಅತಿ ತಿಳಿಯಾದ ಮತ್ತು ಅತಿ ಗಾಢವಾದ ಜಾಗಗಳನ್ನು ಗುರುತಿಸಬೇಕು. ಒಂದೇ ಹವಳವನ್ನು ಮುಂದೆಯೂ ನೋಡುತ್ತ ಬಂದಾಗ ಎರಡು ಮಟ್ಟ ಇಳಿದಿದ್ದರೆ ಅದು ಗಮನಿಸಬೇಕಾದ ಬದಲಾವಣೆ. ಫಿಲ್ಟರ್ ಏನೇ ಹಾಕಿದ್ದರೂ ಪಟ್ಟಿಯೂ ಹವಳವೂ ಒಂದೇ ನೀರಿನಲ್ಲಿ ಇರುವುದರಿಂದ ಹೋಲಿಕೆ ಕೆಡುವುದಿಲ್ಲ.

ವಿಡಿಯೊ ಲೈಟಿನಿಂದ ಹವಳ ಸಾಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅರ್ಧ ನಿಮಿಷದ ಲೈಟು ಮೇಲಿನ ನೀರಿನ ಹಗಲ ಬಿಸಿಲಿನ ಮುಂದೆ ಬಹಳ ಕಡಿಮೆ. ರಾತ್ರಿ ಮಾತ್ರ ಸ್ವಲ್ಪ ನಿಗಾ ಬೇಕು, ಅರಳಿದ ಪಾಲಿಪ್‌ಗಳು ಹಠಾತ್ ಬೆಳಕಿಗೆ ಮುದುಡುತ್ತವೆ. ಕೆಂಪು ಬೆಳಕಿನಲ್ಲಿ ಫೋಕಸ್ ಮಾಡಿ, ಶಾಟಿಗಷ್ಟೇ ಬಿಳಿ ಲೈಟ್ ಹಾಕಿ. ಹವಳವನ್ನು ನಿಜವಾಗಿ ಕೊಲ್ಲುವುದು ಕ್ಯಾಮೆರಾ ಅಲುಗಬಾರದೆಂದು ಊರಿದ ಕೈ, ಹಿಂದೆ ನೋಡದೆ ಒದ್ದ ಫಿನ್, ನೇತಾಡುವ ಗೇಜ್ (ಗಾಳಿಯ ಒತ್ತಡ ತೋರಿಸುವ ಮಾಪಕ). ಗುಂಡುಗುಂಡಾಗಿ ಬೆಳೆಯುವ ಪೊರೈಟಿಸ್ ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಒಂದು ಒದೆತಕ್ಕೆ ಮುರಿದದ್ದು ಎಷ್ಟು ವರ್ಷದ್ದು ಎಂದು ಲೆಕ್ಕ ಹಾಕಿಕೊಳ್ಳಿ. ಕ್ಯಾಮೆರಾ ನಿಲ್ಲಿಸಲು ಉಸಿರು ಬಿಗಿಹಿಡಿಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಸ್ಕೂಬಾದಲ್ಲಿ ಉಸಿರು ಕಟ್ಟಿಕೊಂಡು ತುಸು ಮೇಲೇರಿದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ತೇಲುವಿಕೆ ಕೈವಶವಾಗುವವರೆಗೆ ಹವಳದ ಹತ್ತಿರ ಕ್ಯಾಮೆರಾ ಒಯ್ಯದಿರುವುದೇ ಒಳ್ಳೆಯದು.

ರಾತ್ರಿ ಹೊಳೆಯುವ ಹವಳಕ್ಕೆ ವಿಶೇಷ ಕ್ಯಾಮೆರಾ ಬೇಕಿಲ್ಲ, ವಿಶೇಷ ಬೆಳಕು ಬೇಕು. ಹವಳ ತಾನಾಗಿ ಬೆಳಕು ಸೂಸುತ್ತಿಲ್ಲ. ಅದರಲ್ಲಿರುವ ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿ ಹಸಿರು, ಕಿತ್ತಳೆ, ಕೆಂಪಾಗಿ ಮರಳಿಸುತ್ತವೆ. ಇಂಥ ಹಸಿರು ಪ್ರೋಟೀನ್ ಮೊದಲು ಸಿಕ್ಕಿದ್ದು ಅಕ್ವೋರಿಯಾ ವಿಕ್ಟೋರಿಯಾ ಎಂಬ ಜೆಲ್ಲಿಫಿಶ್‌ನಲ್ಲಿ. ಅದನ್ನು ಬೇರ್ಪಡಿಸಿದ ಒಸಾಮು ಶಿಮೊಮುರಾ 2008ರಲ್ಲಿ ಇನ್ನಿಬ್ಬರೊಂದಿಗೆ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ನಿಮಗೆ ಬೇಕಾದದ್ದು ಸುಮಾರು 450 ನ್ಯಾನೊಮೀಟರಿನ ನೀಲಿ ಲೈಟ್, ಲೆನ್ಸಿಗೊಂದು ಮಾಸ್ಕಿಗೊಂದು ಹಳದಿ ಫಿಲ್ಟರ್. ಹಳದಿ ಫಿಲ್ಟರ್ ಮರೆತರೆ ಎಲ್ಲವೂ ಬರೀ ನೀಲಿ. ಬರುವ ಬೆಳಕು ಬಹಳ ಕಡಿಮೆ, ಹಾಗಾಗಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 1600ರವರೆಗೆ ಏರಿಸಲು ಹಿಂಜರಿಯಬೇಡಿ.

ಅನಿಮೋನ್ ಮುಟ್ಟಿದರೆ ಮೀನು ಹೊರಬರುತ್ತದೆ ಎಂಬುದು ಸುಳ್ಳು. ಮುಟ್ಟಿದಾಗ ಅದು ಗ್ರಹಣಾಂಗಗಳನ್ನು ಒಳಗೆಳೆದುಕೊಳ್ಳುತ್ತದೆ, ಮತ್ತೆ ಪೂರ್ತಿ ಅರಳಲು ಬಹಳ ಹೊತ್ತು ಹಿಡಿಯಬಹುದು. ಅಷ್ಟು ಹೊತ್ತು ಮೀನಿಗೆ ಅಡಗಲು ಜಾಗವಿಲ್ಲ. ಮಾಡಬೇಕಾದದ್ದು ಕಾಯುವುದು. ಅನಿಮೋನ್ ಮಟ್ಟಕ್ಕೇ ಇಳಿದು, 60-70 ಸೆಂಟಿಮೀಟರ್ ದೂರದಲ್ಲಿ ಅಲುಗದೆ ನಿಲ್ಲಿ. ಕೆಲವು ನಿಮಿಷಗಳಲ್ಲಿ ಕ್ಲೌನ್ ಮೀನು ತಾನೇ ಹೊರಬಂದು ಓಡಾಡಲು ಶುರುಮಾಡುತ್ತದೆ. ಅದನ್ನು ಕ್ಯಾಮೆರಾದಿಂದ ಬೆನ್ನಟ್ಟಬೇಡಿ, ಅನಿಮೋನ್‌ನ ಒಂದು ಅಂಚಿಗೆ ಫೋಕಸ್ ಲಾಕ್ ಮಾಡಿ, ಫ್ರೇಮ್ ಕಟ್ಟಿಡಿ. ಮೀನು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಒಂದು ವೇಳೆ ಅದು ಲೆನ್ಸಿಗೇ ನುಗ್ಗಿ ಬರುತ್ತಿದ್ದರೆ ಬುಡದ ಬಂಡೆಯ ಮೇಲೆ ಮೊಟ್ಟೆಯ ತೇಪೆ ಇದೆಯೇ ನೋಡಿ. ಹೊಸ ಮೊಟ್ಟೆ ಕಿತ್ತಳೆ ಬಣ್ಣ, ಮರಿಯ ಕಣ್ಣು ಮೂಡಿದ ಮೇಲೆ ಬೆಳ್ಳಿ ಬಣ್ಣ. ಕಂಡರೆ ಒಂದೆರಡು ಮೀಟರ್ ಹಿಂದೆ ಸರಿಯಿರಿ, ಅಲ್ಲಿ ಗಂಡು ಮೀನು ರೆಕ್ಕೆಯಿಂದ ಮೊಟ್ಟೆಗೆ ನೀರು ಬೀಸುವುದನ್ನು ದೂರದಿಂದಲೇ ಹಿಡಿಯಬಹುದು. ಮ್ಯಾಗ್ನಿಫಿಕಾ ಜಾತಿಯ ಅನಿಮೋನ್ ಯಾರೂ ಮುಟ್ಟದೆಯೂ ಆಗಾಗ ಚೆಂಡಿನಂತೆ ಮುಚ್ಚಿಕೊಂಡು ತನ್ನ ಗಾಢ ಬಣ್ಣದ ಹೊರಮೈ ತೋರಿಸುತ್ತದೆ. ಅದು ಸಹಜ, ಸಿಕ್ಕರೆ ಬಿಡಬೇಡಿ.

ಸತ್ತ ಜೆಲ್ಲಿಫಿಶ್ ಕುಟುಕುತ್ತದೆ, ತುಂಡಾದ ಗ್ರಹಣಾಂಗವೂ ಕುಟುಕುತ್ತದೆ. ಕುಟುಕು ಕೋಶ ಸಿಡಿಯಲು ಪ್ರಾಣಿ ಬದುಕಿರಬೇಕಿಲ್ಲ, ತಾಗಿದರೆ ಸಾಕು. ಜೆಲ್ಲಿಫಿಶ್‌ನ ಬಳಗದ ಸಣ್ಣ ಸಿಹಿನೀರಿನ ಜೀವಿ ಹೈಡ್ರಾದಲ್ಲಿ ಅಳೆದಾಗ ಆ ಸಿಡಿತದ ಮುಖ್ಯ ಹಂತ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದೊಳಗೇ ಮುಗಿದಿತ್ತು, ಕೈ ಹಿಂದೆಗೆಯಲು ಯಾರಿಗೂ ಸಮಯ ಸಿಗದು. ಹೌಸಿಂಗ್, ತೋಳು, ಹಗ್ಗಕ್ಕೆ ಅಂಟಿ ಬಂದ ಚೂರುಗಳಿಂದಲೂ ದೋಣಿಯ ಮೇಲೆ ಕುಟುಕು ಆಗುತ್ತದೆ. ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಮೂತ್ರ ಹಾಕಿದರೆ ನೋವು ಇಳಿಯುತ್ತದೆ ಎಂಬ ಮಾತು ಬರೀ ಕಟ್ಟುಕಥೆ. ಸಮುದ್ರದ ನೀರಿನಲ್ಲಿ ತೊಳೆದು, ಚಿಮುಟದಿಂದ ಚೂರು ತೆಗೆದು, ತಡೆಯಬಹುದಾದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ನಿಮಿಷ ಅದ್ದಿಡುವುದು ಹಲವು ಜಾತಿಗಳ ಕುಟುಕಿಗೆ ನೋವು ಇಳಿಸುತ್ತದೆ. ಬಾಕ್ಸ್ ಜೆಲ್ಲಿಫಿಶ್ ಇರುವ ನೀರಾದರೆ ಮೊದಲು ಕನಿಷ್ಠ 30 ಸೆಕೆಂಡು ವಿನೆಗರ್ ಸುರಿಯಬೇಕು. ಉಸಿರಾಟಕ್ಕೆ ತೊಂದರೆ, ಎದೆನೋವು, ವಾಂತಿ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ತುರ್ತು ಚಿಕಿತ್ಸೆಗೆ ಹೋಗಿ.

ಈಗ ಖರೀದಿ. ದೊಡ್ಡ ಸೆನ್ಸರ್ ಕ್ಯಾಮೆರಾ ಕೊಡುವುದು ಇಷ್ಟು: ಕಡಿಮೆ ಬೆಳಕಿನಲ್ಲಿ ಶುಭ್ರ ಚಿತ್ರ, ಪೂರ್ತಿ ಮ್ಯಾನ್ಯುಯಲ್ ಹಿಡಿತ, 10 ಬಿಟ್ ರೆಕಾರ್ಡಿಂಗ್ (ಬಣ್ಣದ ಹೆಚ್ಚು ಸೂಕ್ಷ್ಮ ಮೆಟ್ಟಿಲುಗಳು). ಕೊನೆಯದ್ದು ನೀರೊಳಗೆ ನಿಜಕ್ಕೂ ಬೆಲೆಬಾಳುತ್ತದೆ, ನೀಲಿ ಹಿನ್ನೆಲೆ 8 ಬಿಟ್‌ನಲ್ಲಿ ಪಟ್ಟೆಪಟ್ಟೆಯಾಗಿ ಒಡೆಯುವುದು ಇದರಲ್ಲಿ ಕಡಿಮೆ. ಅದು ಕೊಡದಿರುವುದು ಕಳೆದುಹೋದ ಕೆಂಪು ಮತ್ತು ಚುಕ್ಕೆಯಿಲ್ಲದ ನೀರು. ಜೊತೆಗೆ ಅದರ ಹೌಸಿಂಗ್, ಪೋರ್ಟ್‌ಗಳ ವೆಚ್ಚ ಕ್ಯಾಮೆರಾಕ್ಕಿಂತ ಹೆಚ್ಚಾಗುವುದು ಸಾಮಾನ್ಯ. ಹೊಸ ಮಾಡೆಲ್ ಬಂದರೆ ಹಳೆಯ ಹೌಸಿಂಗ್ ಹೊಂದದು. ಲೈಟು, ತೋಳುಗಳಾದರೆ ಯಾವ ಕ್ಯಾಮೆರಾಕ್ಕೂ ಆಗುತ್ತವೆ. ಆದ್ದರಿಂದ ಮೊದಲು ಎರಡು ವಿಡಿಯೊ ಲೈಟ್, ಟ್ರೇ, ತೋಳುಗಳು. ಆಮೇಲೆ ಕ್ಲೋಸ್-ಅಪ್ ಲೆನ್ಸ್. ಇವೆರಡನ್ನೂ ಹಿಡಿತಕ್ಕೆ ತಂದುಕೊಂಡ ಮೇಲೂ ಕ್ಯಾಮೆರಾದ ಮಿತಿ ಅಡ್ಡ ಬರುತ್ತಿದೆ ಅನ್ನಿಸಿದರೆ ಮಾತ್ರ ಹೊಸ ಕ್ಯಾಮೆರಾ.

ಯಾವುದೇ ಕ್ಯಾಮೆರಾ ಇರಲಿ, ಹೌಸಿಂಗ್ ಅನ್ನು ತೇವದ ದೋಣಿಯಲ್ಲಿ ಮುಚ್ಚಬೇಡಿ, ಎಸಿ ಇರುವ ಒಣ ಕೋಣೆಯಲ್ಲೇ ಸಿಲಿಕಾ ಜೆಲ್ ಹಾಕಿ ಮುಚ್ಚಿ. ಇಲ್ಲದಿದ್ದರೆ ಕ್ಯಾಮೆರಾದ ಬಿಸಿಗೆ ಒಳಗಿನ ತೇವ ತಣ್ಣನೆಯ ಪೋರ್ಟ್ ಮೇಲೆ ಹನಿಗಟ್ಟಿ ಡೈವ್ ನಡುವೆ ಎಲ್ಲ ಮಂಜಾಗುತ್ತದೆ. ಹೌಸಿಂಗಿನ ಅಂಚಿನ ರಬ್ಬರ್ ಬಳೆಯಾದ ಓ-ರಿಂಗ್‌ಗೆ ತಯಾರಕರು ಹೇಳಿದ ಗ್ರೀಸ್ ಮಾತ್ರ, ಅದೂ ಹೊಳಪು ಬರುವಷ್ಟು ತೆಳ್ಳಗೆ. ನೀರು ತಡೆಯುವುದು ರಿಂಗಿನ ಒತ್ತಡ, ಗ್ರೀಸ್ ಅಲ್ಲ. ದಪ್ಪಗೆ ಬಳಿದರೆ ಮರಳು, ಕೂದಲು ಅಂಟಿಕೊಂಡು ಅಲ್ಲಿಂದಲೇ ಸೋರುತ್ತದೆ. ಮೇಲೆ ಬಂದ ಕೂಡಲೇ ಸಿಹಿನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಒಳಗೇ ಎಲ್ಲ ಬಟನ್‌ಗಳನ್ನೂ ಒತ್ತಿ ಬಿಡಿ. ಉಪ್ಪು ಒಣಗಿ ಹರಳಾದ ಮೇಲೆ ಎಷ್ಟು ತೊಳೆದರೂ ಬಿಡುವುದು ಕಷ್ಟ.